ಐದು ರೂಪಾಯಿ ಪ್ಯಾಕೆಟ್ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು

ಚಳ್ಳಕೆರೆ ಕಡೆಯ ಒಂದು ಹಳ್ಳಿ ನನ್ನ ಅತ್ತೆಯ ಊರು. ಅಲ್ಲಿನ ಸರ್ಕಾರಿ ಶಾಲೆಯ ಗೇಟಿನ ಎದುರಿಗೆ ಒಂದು ಪೆಟ್ಟಿಗೆ ಅಂಗಡಿ ಇದೆ. ಸಂಜೆ ಬೆಲ್ ಹೊಡೆದ ಕೂಡಲೇ ಮಕ್ಕಳು ಓಡಿ ಬಂದು ಅದನ್ನು ಮುತ್ತಿಕೊಳ್ಳುತ್ತಾರೆ. ಅಂಗಡಿಯ ಸೂರಿನಿಂದ ತೋರಣ ಕಟ್ಟಿದ ಹಾಗೆ ಪ್ಯಾಕೆಟ್‌ಗಳ ಸರ ನೇತಾಡುತ್ತಿರುತ್ತದೆ, ಕೆಂಪು, ಹಸಿರು, ನೀಲಿ, ಹಳದಿ. ಚಿಕ್ಕ ಮಕ್ಕಳು ಹೆಸರು ಹೇಳುವುದಿಲ್ಲ. "ಅಕ್ಕಾ, ಆ ಕೆಂಪುದು ಒಂದು ಕೊಡಕ್ಕಾ" ಅಂತ ಐದರ ನಾಣ್ಯ ಚಾಚುತ್ತಾರೆ. ಪ್ಯಾಕೆಟ್ ಹರಿಯುವುದು, ತಿನ್ನುವುದು, ಬೆರಳು ನೆಕ್ಕುವುದು, ಖಾಲಿ ಪ್ಯಾಕೆಟ್ ಚರಂಡಿಗೆ ಬೀಳುವುದು, ಎಲ್ಲಾ ಸೇರಿ ಮೂರು ನಿಮಿಷ.

ಹೋದ ಸಲ ಊರಿಗೆ ಹೋದಾಗ ಅದನ್ನೇ ನೋಡುತ್ತಾ ನಿಂತಿದ್ದೆ. ಆ ಮೂರು ನಿಮಿಷಕ್ಕೆ ಮುಂಚೆ ಏನೇನಾಗಿರುತ್ತದೆ, ಆಮೇಲೆ ಏನೇನಾಗುತ್ತದೆ ಅನ್ನುವುದು ಅಲ್ಲಿಂದ ವಾಪಸ್ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಮಗು ಕೊಟ್ಟ ಐದು ರೂಪಾಯಿ ಆ ತಿಂಡಿಯ ಪೂರ್ತಿ ಬೆಲೆ ಅಲ್ಲ. ಉಳಿದದ್ದನ್ನು ಬೇರೆಯವರು ಕೊಡುತ್ತಿದ್ದಾರೆ, ಅದರಲ್ಲಿ ಸ್ವಲ್ಪವನ್ನು ಅದೇ ಮಗು ಮುಂದೆ ಯಾವತ್ತೋ ಕೊಡುತ್ತದೆ. ಇದನ್ನು ಬರೆಯುತ್ತಿರುವುದು ಅದಕ್ಕೇ.

ಮೊದಲು ಆ ಐದು ರೂಪಾಯಿಯ ಲೆಕ್ಕ ನೋಡೋಣ. ಬೇಳೆ, ಎಣ್ಣೆ, ತರಕಾರಿ, ಬಸ್ ಚಾರ್ಜು ಎಲ್ಲದರ ಬೆಲೆ ಏರಿದರೂ ಬಿಸ್ಕೆಟ್ಟು, ಚಿಪ್ಸಿನ ಸಣ್ಣ ಪ್ಯಾಕೆಟ್ ಮಾತ್ರ ವರ್ಷಾನುಗಟ್ಟಲೆ ಐದು ರೂಪಾಯಿಯಲ್ಲೇ ನಿಂತಿದೆ, ಅಲ್ವಾ? ಬೆಲೆ ನಿಂತಿದೆ, ತೂಕ ನಿಂತಿಲ್ಲ. ಎಣ್ಣೆ ತುಟ್ಟಿಯಾದರೆ ಕಂಪನಿ ಬೆಲೆ ಮುಟ್ಟುವುದಿಲ್ಲ, ಒಳಗಿನ ಗ್ರಾಮ್ ಕಡಿಮೆ ಮಾಡುತ್ತದೆ. ಕೊಳ್ಳುವವರ ಕೈಯಲ್ಲಿರುವುದು ಒಂದು ನಾಣ್ಯ, ಆ ನಾಣ್ಯಕ್ಕೆ ಸಿಗುವ ಹಾಗೆ ಸರಕನ್ನು ಚಿಕ್ಕದು ಮಾಡಿದರೆ ದೇಶದ ಕಟ್ಟಕಡೆಯ ಹಳ್ಳಿಯವರೆಗೂ ಮಾರಬಹುದು. ಈ ಉಪಾಯ ಮೊದಲು ದೊಡ್ಡದಾಗಿ ಗೆದ್ದಿದ್ದು ತಿಂಡಿಯಲ್ಲಲ್ಲ, ಶಾಂಪೂವಿನಲ್ಲಿ. ತಮಿಳುನಾಡಿನ ಕಡಲೂರಿನ ಒಂದು ಕುಟುಂಬ ಶಾಂಪೂವನ್ನು ಸಣ್ಣ ಸ್ಯಾಶೆಯಲ್ಲಿ ತುಂಬಿ ಮಾರಲು ಶುರು ಮಾಡಿತು. ಬಾಟಲಿ ಕೊಳ್ಳಲಾಗದವರ ಕೈಗೆ ರೂಪಾಯಿ, ಎಂಟಾಣೆಗೆ ಶಾಂಪೂ ಸಿಕ್ಕಿತು. ಅದರಿಂದ ಬಡವರಿಗೆ ಅನುಕೂಲ ಆಗಿದ್ದು ನಿಜ, ಅದನ್ನು ಅಲ್ಲಗಳೆಯಬಾರದು. ಆದರೆ ಅಲ್ಲಿಂದ ಮುಂದೆ ಎಲ್ಲವೂ ಸ್ಯಾಶೆಗೆ ಬಂತು. ಒಂದು ಸಲಕ್ಕೆ ಒಂದು ಪ್ಯಾಕೆಟ್ ಅನ್ನುವ ಬದುಕು ಶುರುವಾಗಿದ್ದು ಹಾಗೆ.

ಈಗ ಪ್ಯಾಕೆಟ್ಟಿನ ಒಳಗೆ ಏನಿದೆ ನೋಡೋಣ. ಕಾರ್ಖಾನೆಯಲ್ಲಿ ಆಗಿದ್ದೆಲ್ಲಾ ವಿಷ ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತು ಸರಿಯಲ್ಲ. ದೋಸೆ ಹಿಟ್ಟು ಹುದುಗಿಸುವುದು, ಉಪ್ಪಿನಕಾಯಿ ಹಾಕುವುದು, ಹಪ್ಪಳ ಒಣಗಿಸುವುದು, ಮಿಲ್ಲಿನಲ್ಲಿ ರಾಗಿ ಬೀಸಿಸುವುದು, ಇವೆಲ್ಲವೂ ಸಂಸ್ಕರಣೆಯೇ. ಬ್ರೆಜಿಲ್ ದೇಶದ ಸಾವೊ ಪೌಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ ಮತ್ತು ಅವರ ಜೊತೆಗಾರರು ಈ ಗೊಂದಲ ಬಿಡಿಸಲು ಆಹಾರವನ್ನು ನಾಲ್ಕು ಗುಂಪು ಮಾಡಿದರು. ಅದಕ್ಕೆ ನೋವಾ ಅಂತ ಹೆಸರು. ಕಾಳು, ಹಾಲು, ತರಕಾರಿಯಂಥವು ಮೊದಲನೆಯದು. ಎಣ್ಣೆ, ಉಪ್ಪು, ಬೆಲ್ಲದಂಥವು ಎರಡನೆಯದು. ಇವೆರಡನ್ನೂ ಸೇರಿಸಿ ಮಾಡಿದ ಉಪ್ಪಿನಕಾಯಿ, ಪನೀರ್‌ನಂಥವು ಮೂರನೆಯದು. ನಾಲ್ಕನೆಯದೇ ಅತಿ ಸಂಸ್ಕರಿತ ಆಹಾರ. ಧಾನ್ಯವನ್ನು ಪಿಷ್ಟ, ಎಣ್ಣೆ, ಸಕ್ಕರೆ, ಪ್ರೋಟೀನ್ ಅಂತ ಬಿಡಿ ಬಿಡಿ ಮಾಡಿ, ಮತ್ತೆ ಕೂಡಿಸಿ, ಅಡುಗೆಮನೆಯಲ್ಲಿ ಎಂದೂ ಇಲ್ಲದ ಬಣ್ಣ, ವಾಸನೆ, ರುಚಿಗಳನ್ನು ಸೇರಿಸಿ ಮಾಡಿದ್ದು. ಪ್ಯಾಕೆಟ್ ಹಿಂದೆ 627, 631 ಅಂತ ನಂಬರ್ ಇರುತ್ತದಲ್ಲ, ಅವು ನಾಲಿಗೆಗೆ ರುಚಿ ಹೆಚ್ಚಿಸಲು ಹಾಕುವ ವಸ್ತುಗಳು. ಕಾನೂನು ಒಪ್ಪಿದ ವಸ್ತುಗಳೇ. ಆದರೆ ಯಾರ ಮನೆಯ ಮಸಾಲೆ ಡಬ್ಬಿಯಲ್ಲೂ ಅವು ಇರುವುದಿಲ್ಲ.

ಆ ಕೆಂಪು ಪ್ಯಾಕೆಟ್ಟಿನ ತಿಂಡಿ ಆಗುವುದು ಹೀಗೆ. ಜೋಳದ ನುಚ್ಚು, ಅಕ್ಕಿ ನುಚ್ಚನ್ನು ಒಂದು ಯಂತ್ರದೊಳಗೆ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ ಅರೆದು ಸಣ್ಣ ತೂತಿನಿಂದ ಹೊರಗೆ ತಳ್ಳುತ್ತಾರೆ. ಹೊರಗೆ ಬಂದ ಕ್ಷಣಕ್ಕೆ ಅದು ಉಬ್ಬುತ್ತದೆ. ಆಮೇಲೆ ಎಣ್ಣೆ, ಉಪ್ಪು, ಮಸಾಲೆ. ಬಾಯಿಗಿಟ್ಟರೆ ಕರುಂ ಅಂದು ಕರಗಿಹೋಗುತ್ತದೆ. ಅಗಿಯುವ ಕೆಲಸವೇ ಇಲ್ಲ. ಹುರಿಗಾಳು ತಿನ್ನುವಾಗ ದವಡೆ ನೋಯುತ್ತದೆ, ಒಂದು ಹಿಡಿ ತಿಂದ ಮೇಲೆ ಸಾಕು ಅನ್ನಿಸುತ್ತದೆ. ಇದರಲ್ಲಿ ಆ 'ಸಾಕು' ಬರುವುದೇ ಇಲ್ಲ.

ಇದು ಸುಮ್ನೆ ಅನ್ನಿಸಿಕೆ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅನ್ನುವ ವಿಜ್ಞಾನಿ ಮಾಡಿದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು, ಎರಡು ವಾರ ಅತಿ ಸಂಸ್ಕರಿತ ಊಟ, ಎರಡು ವಾರ ಮನೆ ಅಡುಗೆಯಂಥ ಊಟ ಕೊಟ್ಟರು. ತಟ್ಟೆಗೆ ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು, ಕ್ಯಾಲೊರಿ ಎಲ್ಲವೂ ಎರಡರಲ್ಲೂ ಸಮ ಇರುವ ಹಾಗೆ ನೋಡಿಕೊಂಡರು. ಎಷ್ಟು ಬೇಕೋ ಅಷ್ಟು ತಿನ್ನಿ ಅಂದರು. ಅತಿ ಸಂಸ್ಕರಿತ ಊಟ ಇದ್ದಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಅಂದರೆ ಹೆಚ್ಚುಕಡಿಮೆ ನಾಲ್ಕೈದು ಚಪಾತಿಯಷ್ಟು. ಎರಡು ವಾರದಲ್ಲಿ ಸುಮಾರು 900 ಗ್ರಾಂ ತೂಕ ಏರಿತು, ಇನ್ನೊಂದು ಊಟದಲ್ಲಿ ಅಷ್ಟೇ ಇಳಿಯಿತು. ಅತಿ ಸಂಸ್ಕರಿತ ಊಟವನ್ನು ಅವರು ಬೇಗ ಬೇಗ ತಿನ್ನುತ್ತಿದ್ದರು ಅನ್ನುವುದೂ ಗೊತ್ತಾಯಿತು. ಹೊಟ್ಟೆ ತುಂಬಿತು ಅಂತ ಮಿದುಳಿಗೆ ತಿಳಿಯುವಷ್ಟರಲ್ಲಿ ಊಟ ಮುಗಿದಿರುತ್ತಿತ್ತೇನೋ. 'ಬಾಯಿ ಕಟ್ಟಿಕೊಂಡಿರೋಕೆ ಆಗಲ್ವಾ' ಅಂತ ನಾವು ದಪ್ಪ ಇರುವವರನ್ನು ಬೈಯುತ್ತೇವಲ್ಲ, ಆ ಬೈಗುಳ ಎಷ್ಟು ಅನ್ಯಾಯದ್ದು ಅನ್ನುವುದು ನನಗೆ ಇದನ್ನು ಓದಿದ ಮೇಲೆ ಅರ್ಥವಾಯಿತು.

ಇಪ್ಪತ್ತು ಜನರ ಪ್ರಯೋಗ ಚಿಕ್ಕದು ಅನ್ನಬಹುದು. 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಒಂದು ದೊಡ್ಡ ಪರಿಶೀಲನೆ ಬಂತು, ಹೆಚ್ಚುಕಡಿಮೆ ಒಂದು ಕೋಟಿ ಜನರ ಮಾಹಿತಿ ಅದರಲ್ಲಿತ್ತು. ಹೃದಯದ ಕಾಯಿಲೆ, ಟೈಪ್ 2 ಸಕ್ಕರೆ ಕಾಯಿಲೆ, ಆತಂಕ, ನಿದ್ದೆಯ ತೊಂದರೆ ಸೇರಿ 32 ಬಗೆಯ ಆರೋಗ್ಯದ ತೊಂದರೆಗಳಿಗೂ ಇಂಥ ಆಹಾರಕ್ಕೂ ನಂಟು ಕಂಡಿತು. ನಂಟು ಇದ್ದ ಮಾತ್ರಕ್ಕೆ ಅದೇ ಕಾರಣ ಅಂತ ಆಗುವುದಿಲ್ಲ, ಅದು ಸರಿ. ಆದರೆ ಎಲ್ಲಾ ದಿಕ್ಕಿನಿಂದಲೂ ಒಂದೇ ಕಡೆಗೆ ಬೆರಳು ತೋರಿಸುತ್ತಿರುವಾಗ ಪೂರ್ತಿ ಸಾಬೀತಾಗಲಿ ಅಂತ ಕಾಯುತ್ತಾ ಕೂರುವುದು ಮಕ್ಕಳಿಗೆ ಮಾಡುವ ಮೋಸ.

ನಮ್ಮ ದೇಶದ ಲೆಕ್ಕಕ್ಕೆ ಬಂದರೆ, 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್‌ನ ದೊಡ್ಡ ಅಧ್ಯಯನದ ಪ್ರಕಾರ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ. ಕರ್ನಾಟಕದ ಚಿತ್ರ ಇನ್ನೂ ಸಂಕಟದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ನೂರಕ್ಕೆ 30ರಷ್ಟು ಹೆಂಗಸರಿಗೆ ತೂಕ ಜಾಸ್ತಿ. ಒಂದೇ ಮನೆಯಲ್ಲಿ ಅಮ್ಮನಿಗೆ ಶುಗರ್, ಮಗುವಿಗೆ ರಕ್ತ ಕಡಿಮೆ. ಐದು ರೂಪಾಯಿ ಪ್ಯಾಕೆಟ್ ಈ ಎರಡನ್ನೂ ಹೆಚ್ಚು ಮಾಡುತ್ತದೆ. ಅದು ಹಸಿವನ್ನು ಕೊಲ್ಲುತ್ತದೆ, ಎಣ್ಣೆ ಉಪ್ಪು ಕೊಡುತ್ತದೆ, ಕಬ್ಬಿಣಾಂಶ ಕೊಡುವುದಿಲ್ಲ. ಅದನ್ನು ತಿಂದ ಮಗು ರಾತ್ರಿ ಮುದ್ದೆ ಬೇಡ ಅನ್ನುತ್ತದೆ.

ಇಲ್ಲಿಗೆ ಬಂದ ಕೂಡಲೇ ಒಂದು ಮಾತು ತಪ್ಪದೆ ಕೇಳಿಬರುತ್ತದೆ: 'ಈಗಿನ ಹೆಣ್ಣುಮಕ್ಕಳಿಗೆ ಸೋಮಾರಿತನ, ತಿಂಡಿ ಮಾಡೋಕೆ ಬರಲ್ಲ.' ಇದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬೆಳಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಗಾಡಿ ಹತ್ತಿ ಸಂಜೆ ಏಳಕ್ಕೆ ಮನೆ ಸೇರುವ ತಾಯಿ ಯಾವಾಗ ಕೋಡುಬಳೆ ಹೊಸೆಯಬೇಕು? ಅಜ್ಜಿ ಊರಲ್ಲಿ, ಗಂಡ ಬೇರೆ ಕೆಲಸದಲ್ಲಿ, ಬಾಡಿಗೆ ಮನೆಯ ಒಂದು ಕೋಣೆ, ಒಂದು ಸಿಲಿಂಡರ್. ಮಗು ಅಳುತ್ತದೆ, ಕೈಗೆ ಐದು ರೂಪಾಯಿ ಕೊಡುತ್ತಾಳೆ. ಅವಳ ಹತ್ತಿರ ಇಲ್ಲದಿರುವ ಸಮಯವನ್ನೇ ಕಂಪನಿ ಪ್ಯಾಕೆಟ್ ಮಾಡಿ ಅವಳಿಗೇ ಮಾರುತ್ತಿದೆ. ಜೊತೆಗೆ, ಪ್ಯಾಕೆಟ್ ತಿಂಡಿ ಅಂದರೆ ಒಂದು ಗೌರವ ಅನ್ನುವ ಭಾವನೆಯನ್ನೂ ನಾವೆಲ್ಲಾ ಸೇರಿ ಬೆಳೆಸಿದ್ದೇವೆ. ಆಸ್ಪತ್ರೆಗೆ ನೋಡೋಕೆ ಹೋದರೆ ಬಿಸ್ಕೆಟ್ಟು, ನೆಂಟರ ಮನೆಗೆ ಹೋದರೆ ಚಾಕೊಲೇಟು. ಹುರಿಗಾಳು ಕಟ್ಟಿಕೊಂಡು ಹೋದರೆ ಜಿಪುಣರು ಅಂದುಕೊಂಡಾರು ಅನ್ನುವ ಅಳುಕು. ಮದುವೆ ಮನೆಯಲ್ಲಿ ಬಿಂದಿಗೆ, ಲೋಟ ಹೋಗಿ ಎಲೆಗೊಂದು ಪುಟ್ಟ ನೀರಿನ ಬಾಟಲಿ ಬಂತು, ಅರ್ಧ ಕುಡಿದು ಅರ್ಧ ಹಾಗೇ ಬಿಟ್ಟ ನೂರಾರು ಬಾಟಲಿ ಛತ್ರದ ಹಿಂದೆ ಬಿದ್ದಿರುತ್ತವೆ.

ಆರೋಗ್ಯದ ಹೆಸರಲ್ಲೇ ಮಾರುವುದು ಇನ್ನೊಂದು ದಾರಿ. ಮುಂದೆ ದೊಡ್ಡದಾಗಿ ರಾಗಿ ತೆನೆಯ ಚಿತ್ರ ಇರುವ ಬಿಸ್ಕೆಟ್ ಪ್ಯಾಕೆಟ್ ಸಿಕ್ಕರೆ ತಿರುಗಿಸಿ ಹಿಂದೆ ಓದಿ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ ಅಂತ ಬಂದು ರಾಗಿ ಕೆಳಗೆಲ್ಲೋ ಇದ್ದರೆ ಅದು ರಾಗಿ ಬಿಸ್ಕೆಟ್ ಅಲ್ಲ. ಹಾಲಿಗೆ ಹಾಕುವ ಪುಡಿಗಳ ಕಥೆಯೂ ಹೀಗೆಯೇ. 2024ರ ಏಪ್ರಿಲ್‌ನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವೇ ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಮಾರಾಟಗಾರರಿಗೆ ಹೇಳಬೇಕಾಯಿತು. ಅಷ್ಟರಲ್ಲಿ ಎಷ್ಟು ತಲೆಮಾರಿನ ತಾಯಂದಿರು ಅದನ್ನು ಆರೋಗ್ಯ ಅಂತ ನಂಬಿ ಕೊಂಡಿದ್ದರೋ.

ತಾಳೆ ಎಣ್ಣೆ ಅಂದೆನಲ್ಲ, ಅದಕ್ಕೆ ಸ್ವಲ್ಪ ನಿಲ್ಲಬೇಕು. ಚಳ್ಳಕೆರೆ ಅಂದರೆ ಶೇಂಗಾ, ಎಣ್ಣೆ ಮಿಲ್ಲುಗಳ ಊರು ಅಂತಲೇ ಹೆಸರು. ಆ ಊರಿನ ಸುತ್ತಮುತ್ತ ಕೆಂಪು ಹೊಲದಲ್ಲಿ ಮಳೆ ನಂಬಿ ಶೇಂಗಾ ಬೆಳೆಯುತ್ತಾರೆ. ಅಂಥ ಊರಿನ ಮಗು ತಿನ್ನುವ ತಿಂಡಿ ಕರಿದಿರುವುದು ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದ ಎಣ್ಣೆಯಲ್ಲಿ. 1994ರಲ್ಲಿ ಪಾಮೋಲಿನ್, ಅಂದರೆ ಅಡುಗೆಗೆ ಬಳಸುವ ತಾಳೆ ಎಣ್ಣೆಯ ಆಮದನ್ನು ಮುಕ್ತ ಮಾಡಿದ ಮೇಲೆ ಅಗ್ಗದ ಎಣ್ಣೆ ಹರಿದು ಬಂತು. ಬರ, ರೋಗ, ಕಡಿಮೆ ಇಳುವರಿ ಅಂತ ಮೊದಲೇ ಸೊರಗಿದ್ದ ಶೇಂಗಾ ರೈತರಿಗೆ ಅದರ ಜೊತೆ ಪೈಪೋಟಿ ಮಾಡಲು ಆಗಲಿಲ್ಲ. ಚಳ್ಳಕೆರೆಯ ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿದವು. ಈಗ ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ನಮ್ಮದು, ವರ್ಷಕ್ಕೆ 75 ಲಕ್ಷ ಟನ್‌ಗಿಂತ ಜಾಸ್ತಿ. ಅಡುಗೆಗೆ ತಾಳೆ ಎಣ್ಣೆ ಮನೆಯಲ್ಲಿ ತಂದೇ ಇಲ್ಲ ಅನ್ನುವವರೂ ಬಿಸ್ಕೆಟ್ಟು, ನೂಡಲ್ಸು, ಚಿಪ್ಸು, ಐಸ್‌ಕ್ರೀಮಿನ ಹಾಗಿರುವ ಫ್ರೋಜನ್ ಡೆಸರ್ಟಿನಲ್ಲಿ ಅದನ್ನು ತಿಂದಿರುತ್ತಾರೆ. ಕಂಪನಿಗೆ ಅದು ಇಷ್ಟ ಯಾಕೆಂದರೆ ಅಗ್ಗ, ಬೇಗ ಕಮಟುವುದಿಲ್ಲ, ಅದಕ್ಕೆ ತನ್ನದೇ ವಾಸನೆ ಇಲ್ಲ. ಆದರೆ ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಜಾಸ್ತಿಯಾದರೆ ಹೃದಯಕ್ಕೆ ಒಳ್ಳೆಯದಲ್ಲದ ಬಗೆ. ಶೇಂಗಾ ಎಣ್ಣೆಯಲ್ಲಿ ಸುಮಾರು ಐದನೇ ಒಂದು ಭಾಗ.

ಆ ಎಣ್ಣೆ ಬಹುಪಾಲು ಬರುವುದು ಇಂಡೊನೇಷ್ಯಾ, ಮಲೇಷ್ಯಾದಿಂದ. ಸುಮಾತ್ರ, ಬೋರ್ನಿಯೊ ದ್ವೀಪಗಳ ಮಳೆಕಾಡು ಕಡಿದು, ಶತಮಾನಗಟ್ಟಲೆ ಎಲೆ ಕಡ್ಡಿ ಕೊಳೆತು ಆದ ಜೌಗು ನೆಲವನ್ನು ಬಸಿದು ಒಣಗಿಸಿ ಅಲ್ಲಿ ತಾಳೆ ನೆಟ್ಟರು. ಒಣಗಿದ ಆ ನೆಲಕ್ಕೆ ಬೆಂಕಿ ಬಿದ್ದರೆ ಮಣ್ಣೇ ಉರಿಯುತ್ತದೆ, ವಾರಗಟ್ಟಲೆ ಆರುವುದಿಲ್ಲ. 2015ರಲ್ಲಿ ಇಂಡೊನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು, ಕರ್ನಾಟಕದ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ. ಹೊಗೆ ಸಿಂಗಪುರ, ಮಲೇಷ್ಯಾದ ತನಕ ಮುಚ್ಚಿತು. ಎಲ್ಲವೂ ತಾಳೆಯಿಂದಲೇ ಆಗಿದ್ದಲ್ಲ, ಕಾಗದದ ಮರದ ತೋಟಗಳೂ ಇದ್ದವು. ತಾಳೆ ಮರದ್ದೇ ತಪ್ಪು ಅಂತಲೂ ನಾನು ಹೇಳುವುದಿಲ್ಲ, ಒಂದು ಹೆಕ್ಟೇರಿಗೆ ಅಷ್ಟು ಎಣ್ಣೆ ಕೊಡುವ ಬೇರೆ ಬೆಳೆ ಇಲ್ಲ. ಹೊಟ್ಟೆಗೆ ಬೇಕಾಗಿಲ್ಲದ ತಿಂಡಿಯನ್ನು ಇಷ್ಟು ಅಗ್ಗವಾಗಿ ಇಷ್ಟೊಂದು ಮಾಡಲು ಆ ಎಣ್ಣೆ ಹೋಗುತ್ತಿದೆಯಲ್ಲ, ನನ್ನ ತಕರಾರು ಅದರದ್ದು.

ಇನ್ನು ಆ ಖಾಲಿ ಪ್ಯಾಕೆಟ್. ಅದು ನೋಡಲು ಒಂದೇ ಹಾಳೆ, ಆದರೆ ಒಳಗೆ ಹಲವು ಪದರ. ಹೊರಗೆ ಬಣ್ಣ ಅಚ್ಚಾದ ಪ್ಲಾಸ್ಟಿಕ್, ಒಳಗೆ ಮಿರಮಿರ ಅನ್ನುವ ತೆಳುವಾದ ಅಲ್ಯೂಮಿನಿಯಂ ಲೇಪ, ಮತ್ತೆ ಪ್ಲಾಸ್ಟಿಕ್. ಗಾಳಿ, ತೇವ, ಬೆಳಕು ತಾಗದೆ ತಿಂಗಳುಗಟ್ಟಲೆ ಗರಿಗರಿಯಾಗಿ ಇರಲಿ ಅಂತ ಈ ಏರ್ಪಾಟು, ಅದಕ್ಕೇ ಒಳಗೆ ನೈಟ್ರೋಜನ್ ತುಂಬುತ್ತಾರೆ. ಅಂಟಿಸಿದ ಆ ಪದರಗಳನ್ನು ಬಿಡಿಸುವ ಅಗ್ಗದ ದಾರಿ ಇಲ್ಲ, ಹಾಗಾಗಿ ಗುಜರಿಯವರು ಕೊಳ್ಳುವುದಿಲ್ಲ. ನೀರಿನ ಬಾಟಲಿ ಆಯ್ದರೆ ಚಿಂದಿ ಆಯುವವರಿಗೆ ನಾಲ್ಕು ಕಾಸು ಸಿಗುತ್ತದೆ. ಇದು ಹೂವಿನಷ್ಟು ಹಗುರ, ಒಂದು ಕೆಜಿ ಆಗಬೇಕಾದರೆ ನೂರಾರು ಪ್ಯಾಕೆಟ್ ಹೆಕ್ಕಬೇಕು, ಹೆಕ್ಕಿದರೂ ದುಡ್ಡಿಲ್ಲ. ಬಾಟಲಿ ಹೋಗಿ ಪ್ಯಾಕೆಟ್ ಮಾತ್ರ ಚರಂಡಿಯಲ್ಲಿ ಉಳಿಯುವುದು ಈ ಕಾರಣಕ್ಕೆ, ಜನರ ಶಿಸ್ತಿನ ಪ್ರಶ್ನೆ ಆಮೇಲಿನದು.

ಪಟ್ಟಣದಲ್ಲಾದರೆ ಯಾರೋ ಒಬ್ಬರು ಎತ್ತಿಕೊಂಡು ಹೋಗುತ್ತಾರೆ. ಹಳ್ಳಿಯಲ್ಲಿ ಹಿತ್ತಲಲ್ಲಿ ಗುಡ್ಡೆ ಹಾಕಿ ಸುಡುತ್ತಾರೆ, ಸಂಜೆ ಒಲೆ ಹೊಗೆಯ ಜೊತೆ ಆ ಹೊಗೆಯೂ ಮೂಗಿಗೆ ಹೋಗುತ್ತದೆ. ಉಳಿದದ್ದು ಕೆರೆಗೆ, ಇಲ್ಲವೇ ದನದ ಹೊಟ್ಟೆಗೆ. ಕೆಲವು ಕಡೆ ಒಳ್ಳೆಯ ಕೆಲಸ ಆಗುತ್ತಿದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲ ಪಂಚಾಯಿತಿಗಳ ಒಣ ಕಸ ತಂದು ವಿಂಗಡಿಸುವ ಘಟಕ ಇದೆ. ಎಷ್ಟೋ ಪಂಚಾಯಿತಿಗಳಲ್ಲಿ ಸ್ತ್ರೀಶಕ್ತಿ, ಸ್ವಸಹಾಯ ಸಂಘದ ಹೆಂಗಸರು ಸ್ವಚ್ಛ ವಾಹಿನಿ ಗಾಡಿ ಓಡಿಸಿ ಮನೆ ಮನೆಯಿಂದ ಕಸ ತರುತ್ತಾರೆ. ಆದರೆ ಅಷ್ಟೆಲ್ಲಾ ಕಷ್ಟಪಟ್ಟು ವಿಂಗಡಿಸಿದರೂ ಈ ಪದರದ ಪ್ಯಾಕೆಟ್‌ಗಳ ದಾರಿ ಹೆಚ್ಚಾಗಿ ಒಂದೇ, ಸಿಮೆಂಟ್ ಕಾರ್ಖಾನೆಯ ಕುಲುಮೆ. ಕಲ್ಲಿದ್ದಲ ಬದಲು ಅದನ್ನು ಉರಿಸುತ್ತಾರೆ.

ಇದರ ಹಿಂದೆ ಕಾನೂನಿನ ಒಂದು ಪುಟ್ಟ ಕಥೆ ಇದೆ. 2016ರ ಪ್ಲಾಸ್ಟಿಕ್ ನಿಯಮಗಳಲ್ಲಿ, ಮರುಬಳಕೆ ಮಾಡಲಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಅಂತ ಬರೆದಿತ್ತು. ಎರಡು ವರ್ಷ ಆಗುವ ಹೊತ್ತಿಗೆ, 2018ರಲ್ಲಿ, ಆ ಸಾಲು ತಿದ್ದಿದರು. ಸುಟ್ಟು ಶಕ್ತಿ ಪಡೆಯಲಾಗದ, ಬೇರೆ ಯಾವ ಉಪಯೋಗಕ್ಕೂ ಬಾರದ ಪ್ಲಾಸ್ಟಿಕ್ ಅನ್ನುವ ಮಾತು ಸೇರಿತು. ಸಿಮೆಂಟ್ ಕುಲುಮೆಯಲ್ಲಿ ಸುಡಬಹುದಲ್ಲ, ಹಾಗಾಗಿ ಚಿಪ್ಸ್ ಪ್ಯಾಕೆಟ್ ಬಚಾವಾಯಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ, ಚಮಚ, ಬಲೂನಿನ ಕಡ್ಡಿ ನಿಷೇಧ ಆದವು, ಇದು ಆಗಲಿಲ್ಲ. ಎಳನೀರು ಮಾರುವವರ ಸ್ಟ್ರಾ ಹೋಯಿತು, ದೊಡ್ಡ ಕಂಪನಿಯ ಪ್ಯಾಕೆಟ್ ಉಳಿಯಿತು. ಎಲ್ಲಾ ಕಸ ಕೊನೆಗೆ ಯಾರದ್ದಾದರೂ ಅಂಗಳಕ್ಕೇ ಬರುತ್ತದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರ ಅನ್ನುವ ಊರಿನ ಮೇಲೆ ಬಂತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೋದವು, ಜನ ಮನೆ ಬಿಟ್ಟು ಹೊರಟರು. ಆ ತೋಟ ಮಾಡಿದವರು ಎಷ್ಟು ಪ್ಯಾಕೆಟ್ ತಿಂದಿದ್ದರು?

ಸರ್ಕಾರ ಏನೂ ಮಾಡುತ್ತಿಲ್ಲ ಅಂತ ಅಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು, ನಿಲ್ಲಿಸಿದ್ದು ಒಳ್ಳೆಯದೇ. ಆದರೆ ತಳ್ಳುಗಾಡಿಯವರ ಮೇಲೆ ಒಂದು ದಿನದಲ್ಲಿ ಆದೇಶ ಬಂದರೆ ಕಂಪನಿಗಳ ವಿಷಯದಲ್ಲಿ ವರ್ಷಗಳು ಹಿಡಿಯುತ್ತವೆ. ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇದ್ದರೆ ಪ್ಯಾಕೆಟ್ ಮುಂದೆಯೇ ಎದ್ದು ಕಾಣುವ ಹಾಗೆ ಹೇಳಬೇಕು ಅನ್ನುವ ಬೇಡಿಕೆ ಹಳೆಯದು. 2022ರ ಸೆಪ್ಟೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ತಂದ ಕರಡು ನಿಯಮದಲ್ಲಿ ಇದ್ದದ್ದು ಎಚ್ಚರಿಕೆ ಅಲ್ಲ, ನಕ್ಷತ್ರ. ಅಂದರೆ ಕೆಟ್ಟ ತಿಂಡಿಗೂ ಒಂದೋ ಎರಡೋ ನಕ್ಷತ್ರ ಸಿಗುತ್ತದೆ. ಮಗುವಿಗೆ ನಕ್ಷತ್ರ ಅಂದರೆ ಟೀಚರ್ ಕೊಡುವ ಶಹಬ್ಬಾಸ್‌ಗಿರಿ, ಅಲ್ವಾ? 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳಲ್ಲಿ ತೀರ್ಮಾನ ಮಾಡಿ ಅಂತ ಹೇಳಿತು, ಆ ಗಡುವೂ ಮುಂದಕ್ಕೆ ಹೋಯಿತು. ಚಿಲಿ ದೇಶ 2016ರಲ್ಲೇ ಕಪ್ಪು ಅಷ್ಟಕೋನದ ಗುರುತು ಹಾಕಿಸಿತು, 'ಸಕ್ಕರೆ ಜಾಸ್ತಿ' ಅಂತ ನೇರವಾಗಿ. ಅಂಥ ಪ್ಯಾಕೆಟ್ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನ್ ಹಾಕುವ ಹಾಗಿಲ್ಲ, ಶಾಲೆಯಲ್ಲಿ ಮಾರುವ ಹಾಗಿಲ್ಲ. ಅದಾದ ಮೇಲೆ ಅಲ್ಲಿ ಆ ಗುರುತಿರುವ ಪಾನೀಯಗಳ ಖರೀದಿ ಸುಮಾರು ಶೇ 24ರಷ್ಟು ಇಳಿಯಿತು. ನಮ್ಮಲ್ಲಿ ತೆರಿಗೆಯ ದಾರಿ ತಿರುಗುಮುರುಗು ಆಗಿದೆ. 2025ರ ಜನವರಿಯ ಆರ್ಥಿಕ ಸಮೀಕ್ಷೆ ಇಂಥ ಆಹಾರದ ಮೇಲೆ ಜಾಸ್ತಿ ತೆರಿಗೆ ಹಾಕುವ ಯೋಚನೆ ಮಾಡಬಹುದು ಅಂದಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಬಿಸ್ಕೆಟ್ಟಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ, ಚಿಪ್ಸು, ನೂಡಲ್ಸಿನದು 12ರಿಂದ 5ಕ್ಕೆ ಇಳಿಯಿತು. ಸಕ್ಕರೆ ಸೋಡಾ ಪಾನೀಯಗಳಿಗೆ ಮಾತ್ರ ಶೇ 40.

ಮತ್ತೆ ಆ ಶಾಲೆಯ ಗೇಟಿಗೆ ಬರುತ್ತೇನೆ. ಗೇಟಿನ ಒಳಗೆ ಸರ್ಕಾರ ಬಿಸಿಯೂಟ ಕೊಡುತ್ತದೆ, ಹಾಲು, ರಾಗಿ ಮಾಲ್ಟ್ ಕೊಡುತ್ತದೆ, ಒಂದರಿಂದ ಹತ್ತನೇ ಕ್ಲಾಸಿನ ತನಕ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಕೊಡುತ್ತದೆ, ಮುಂಚೆ ಶೇಂಗಾ ಚಿಕ್ಕಿಯೂ ಇತ್ತು. ಗೇಟಿನ ಹೊರಗೆ ಹತ್ತು ಹೆಜ್ಜೆಯಲ್ಲಿ ಪ್ಯಾಕೆಟ್ ಸರ. ಶಾಲೆಯ 50 ಮೀಟರ್ ಒಳಗೆ ಇಂಥವನ್ನು ಮಾರುವ ಹಾಗಿಲ್ಲ ಅಂತ 2020ರ ಎಫ್‌ಎಸ್‌ಎಸ್‌ಎಐ ನಿಯಮ ಹೇಳುತ್ತದೆ. ಆ ನಿಯಮ ಇಟ್ಟುಕೊಂಡು ಅಧಿಕಾರಿಗಳು ನಾಳೆಯೇ ಬಂದು ಆ ಅಂಗಡಿ ಎತ್ತಿಸಬಹುದು. ಆದರೆ ಆ ಅಕ್ಕನಿಗೆ ಗಂಡ ಇಲ್ಲ, ಇಬ್ಬರು ಮಕ್ಕಳು, ಜೀವನ ಅದರಲ್ಲೇ.

ನಾನು ಅವರನ್ನೇ ಕೇಳಿದೆ. ಸುತ್ತ ಇಷ್ಟು ಶೇಂಗಾ ಇದೆ, ಚಿಕ್ಕಿ, ಶೇಂಗಾ ಉಂಡೆ ಯಾಕೆ ಇಡಲ್ಲ ಅಕ್ಕಾ ಅಂತ.

"ಯಾರು ತಂದ್ಕೊಡ್ತಾರಪ್ಪಾ? ಇವಾದ್ರೆ ಅವರೇ ಗಾಡೀಲಿ ಬಾಗಿಲಿಗೆ ತರ್ತಾರೆ, ಅವರೇ ಸರ ಕಟ್ಟಿ ನೇತಾಕಿ ಹೋಗ್ತಾರೆ. ಒಂದಕ್ಕೆ ಅರ್ಧ ರೂಪಾಯೋ ಮುಕ್ಕಾಲೋ ಉಳೀತದೆ. ಚಿಕ್ಕಿ ತರೋಕೆ ನಾನು ಅಂಗಡಿ ಮುಚ್ಚಿ ಚಳ್ಳಕೆರೆಗೆ ಹೋಗ್ಬೇಕು."

ಇಷ್ಟು ಓದಿದ ಮೇಲೂ ನನಗೆ ಹೊಳೆಯದೇ ಇದ್ದದ್ದು ಇದು. ಕಂಪನಿ ಗೆದ್ದಿರುವುದು ರುಚಿ, ಜಾಹೀರಾತಿನಿಂದ ಮಾತ್ರ ಅಲ್ಲ, ವಾರ ತಪ್ಪದೆ ಬರುವ ಆ ಗಾಡಿಯಿಂದ. ಅದೇ ಪಂಚಾಯಿತಿಯಲ್ಲಿ ಸಂಘದ ಹೆಂಗಸರ ಸ್ವಚ್ಛ ವಾಹಿನಿಯೂ ವಾರಕ್ಕೆ ಎರಡು ಸಲ ಅದೇ ಬೀದಿಯಲ್ಲಿ ಹೋಗುತ್ತದೆ, ಅದೇ ಅಂಗಡಿ ಮುಂದೆ ನಿಂತು ಅದೇ ಪ್ಯಾಕೆಟ್‌ಗಳನ್ನು ತುಂಬಿಕೊಳ್ಳುತ್ತದೆ. ಅದೇ ಸಂಘದವರು ಜಾತ್ರೆಯಲ್ಲಿ ಶೇಂಗಾ ಉಂಡೆ, ಚಕ್ಕುಲಿ ಮಾಡಿ ಮಾರುವುದನ್ನು ನಾನು ನೋಡಿದ್ದೇನೆ. ಕಸದ ಗಾಡಿಯಲ್ಲಿ ತಿಂಡಿ ತರಲಾಗುವುದಿಲ್ಲ, ನಿಜ. ಆದರೆ ಆ ಬೀದಿ, ಆ ಅಂಗಡಿಗಳು, ಆ ಲೆಕ್ಕ ಎಲ್ಲವೂ ಅವರಿಗೆ ಗೊತ್ತು. ಒಂದು ಗಾಜಿನ ಭರಣಿ, ಒಂದು ಸೈಕಲ್, ಮುಂಚೆ ಶಾಲೆಗೆ ಚಿಕ್ಕಿ ಕೊಳ್ಳುತ್ತಿದ್ದ ಹಾಗೆಯೇ ಪಂಚಾಯಿತಿ ಕಡೆಯಿಂದ ಮೊದಲ ಮೂರು ತಿಂಗಳ ಖರೀದಿಯ ಭರವಸೆ. ಇಷ್ಟಕ್ಕೆ ದೆಹಲಿಯ ಆದೇಶ ಬೇಕಾಗಿಲ್ಲ.

ಹಾಗೆ ಯಾರಾದರೂ ವಾರಕ್ಕೊಂದು ಸಲ ತಂದುಕೊಟ್ಟರೆ ಇಡ್ತೀರಾ ಅಂದೆ. ಅಕ್ಕ ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಇಡ್ತೀನಿ. ಮುರಿದಿದ್ದು, ಮೆತ್ತಗಾಗಿದ್ದು ವಾಪಸ್ ತಗೋಬೇಕು ಅಷ್ಟೆ. ಈ ಕಂಪನಿಯವರು ತಗೋತಾರೆ."